ತೋಟದ ಮನೆಯ ಅತಿಥಿಗೃಹದಲ್ಲಿ ಊರಿನ ಕಲೆ: ಮಡಗಾಸ್ಕರಿನಲ್ಲಿ ಕಂಡದ್ದನ್ನು ಹೊಳಲ್ಕೆರೆಯಲ್ಲಿ ಮಾಡಬಹುದೇ?

ಪ್ರಶ್ನೆ: ಹೊಳಲ್ಕೆರೆ ತೋಟದವರು

ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ತಾಲ್ಲೂಕಿನಲ್ಲಿ, ಚಿಕ್ಕಜಾಜೂರು ರೈಲು ನಿಲ್ದಾಣದಿಂದ ಅರ್ಧ ಗಂಟೆಯ ಹಾದಿಯಲ್ಲಿ, ನಮ್ಮದೊಂದು ಅಡಿಕೆ ತೋಟವೂ ಅದರ ಅಂಚಿಗೆ ತಾತನವರು ಕಟ್ಟಿಸಿದ ತೊಟ್ಟಿ ಮನೆಯೂ ಇವೆ. ಮಕ್ಕಳು ಊರು ಬಿಟ್ಟ ಮೇಲೆ ಮನೆಯ ಮುಕ್ಕಾಲು ಭಾಗಕ್ಕೆ ಬೀಗ ಬಿದ್ದಿದೆ. ಅದನ್ನು ಅತಿಥಿಗೃಹವಾಗಿ ಮಾಡುವ ಯೋಚನೆ ಹಳೆಯದು. ಆದರೆ ಅದಕ್ಕೊಂದು ರೂಪ ಬಂದದ್ದು ಕಳೆದ ಜುಲೈನಲ್ಲಿ, ಮಡಗಾಸ್ಕರಿನಲ್ಲಿ.

ಮಗ ಅಲ್ಲಿಯ ರಾಜಧಾನಿ ಅಂಟನನಾರಿವೊದಲ್ಲಿ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದಾನೆ. ಅವನಲ್ಲಿಗೆ ಹೋದಾಗ, ಅಂತ್ಸಿರಾಬೆಗೆ ಹೋಗುವ ದಾರಿಯಲ್ಲಿ, ಹಳ್ಳಿಗಾಡಿನ ಒಂದು ಅತಿಥಿಗೃಹದಲ್ಲಿ ನಾನೂ ನನ್ನ ಮನೆಯವರೂ ಎರಡು ರಾತ್ರಿ ಉಳಿದೆವು. ಕೆಂಪು ಇಟ್ಟಿಗೆಯ ಎರಡಂತಸ್ತಿನ ಮನೆ, ಕಡಿದಾದ ಮಾಡು, ಮರದ ಕಂಬಗಳ ಜಗಲಿ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ಜುಲೈ ಅಲ್ಲಿ ಚಳಿಗಾಲವಾದ್ದರಿಂದ ರಾತ್ರಿ ಎರಡು ಕಂಬಳಿ ಹೊದೆಯಬೇಕಾಯಿತು. ಹಳೆಯ ಮನೆಗಳಲ್ಲಿ ಅಡಿಗೆ ಕೋಣೆ ಮಹಡಿಯ ಮೇಲಿರುತ್ತದೆ ಎಂದೂ, ಮನೆಯ ಈಶಾನ್ಯ ಮೂಲೆ ಹಿರಿಯರಿಗೆ ಮೀಸಲು ಎಂದೂ ಮನೆಯೊಡತಿ ಹೇಳಿದಾಗ ನನ್ನ ಮನೆಯವರು ನನ್ನ ಮುಖ ನೋಡಿ ನಕ್ಕರು. ನಮ್ಮ ದೇವರ ಕೋಣೆಯನ್ನು ಅದೇ ಮೂಲೆಯಿಂದ ಕದಲಿಸಬಾರದೆಂದು ನಾನು ಮೇಸ್ತ್ರಿಯೊಡನೆ ಜಗಳವಾಡಿದ್ದು ಅವರಿಗೆ ನೆನಪಿತ್ತು.

ಭಾನುವಾರ ಬೆಳಿಗ್ಗೆ ಆ ಮನೆಯ ಪಕ್ಕದ ಬಯಲಿಗೆ ಸುತ್ತಣ ಹಳ್ಳಿಗಳ ಜನ ಮಕ್ಕಳು ಮರಿಗಳೊಂದಿಗೆ ನಡೆದು ಬಂದು ವೃತ್ತಾಕಾರವಾಗಿ ಕುಳಿತರು. ಕೆಂಪು ಕೋಟು, ಹುಲ್ಲಿನ ಟೋಪಿ ತೊಟ್ಟ ಗಂಡಸರೂ, ನೆಲ ಮುಟ್ಟುವ ನಿಲುವಂಗಿಯ ಮೇಲೆ ಶಾಲು ಹೊದ್ದ ಹೆಂಗಸರೂ ಪಿಟೀಲು, ತುತ್ತೂರಿ, ಡೋಲುಗಳೊಂದಿಗೆ ನಡುವೆ ನಿಂತು ಹಾಡಿದರು, ಕುಣಿದರು, ಅದಕ್ಕಿಂತ ಹೆಚ್ಚಾಗಿ ಮಾತನಾಡಿದರು. ಒಂದು ತಂಡ ಮುಗಿಸಿದರೆ ಇನ್ನೊಂದು ತಂಡ. ಒಂದು ಪದವೂ ಅರ್ಥವಾಗದೆ ನಾವು ಮಧ್ಯಾಹ್ನ ಮೂರರವರೆಗೆ ಕುಳಿತಿದ್ದೆವು. ಜನ ನಕ್ಕಾಗ ನಕ್ಕೆವು.

ಇಂಥದ್ದನ್ನು ನಮ್ಮ ಮನೆಯಲ್ಲೂ ಮಾಡಬೇಕೆಂಬ ಆಸೆಯಿಂದ ಬರೆಯುತ್ತಿದ್ದೇನೆ. ನಾಲ್ಕು ಕೋಣೆ, ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವ ಅತಿಥಿಗಳು, ಪ್ರತಿ ಶನಿವಾರ ಸಂಜೆ ಅಂಗಳದಲ್ಲಿ ವೀರಗಾಸೆಯೋ ಕೋಲಾಟವೋ ಬಯಲಾಟದ ಒಂದು ತುಣುಕೋ: ಇದು ಸದ್ಯದ ನಕ್ಷೆ. ಅಲ್ಲಿಯವರು ಇದನ್ನು ಹೇಗೆ ನಡೆಸುತ್ತಾರೆ, ಕಲಾವಿದರಿಗೆ ಏನು ಕೊಡುತ್ತಾರೆ, ನಮ್ಮಲ್ಲಿ ಯಾವ ಅನುಮತಿಗಳು ಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಮಿಲ್ಲಿನ ಮಗ, ದಾವಣಗೆರೆ

ನಮಸ್ಕಾರ ಸರ್. ನಮ್ಮ ತಂದೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಗಿರಣಿಗಳು ಮುಚ್ಚಿದ ಮೇಲೆ ನಾನು ಅದೇ ನೂಲಿನ ಎಳೆ ಹಿಡಿದು ಅಂಟನನಾರಿವೊದವರೆಗೆ ಹೋಗಿ ಎಂಟು ವರ್ಷ ಇದ್ದು ಬಂದೆ. ನಿಮ್ಮ ಬರಹ ಓದಿ ಆ ಕೆಂಪು ಮಣ್ಣು ಕಣ್ಣಿಗೆ ಕಟ್ಟಿತು. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕಂಡ ಆಟವನ್ನು ಅತಿಥಿಗೃಹದವರು ಅತಿಥಿಗಳಿಗಾಗಿ ಏರ್ಪಡಿಸಿದ್ದರೆಂದು ನನಗನ್ನಿಸುವುದಿಲ್ಲ.

ಅದರ ಹೆಸರು ಹಿರಾ ಗಾಸಿ, ಎಂದರೆ ಮಲಗಾಸಿ (ಮಡಗಾಸ್ಕರಿನವರ) ಹಾಡು. ನಡುನಾಡಿನ ಎತ್ತರದ ಪ್ರದೇಶದ ಕಲೆ. 1787ರಿಂದ 1810ರವರೆಗೆ ಆಳಿದ ಅಂಡ್ರಿಯಾನಂಪೊಯಿನಿಮೆರಿನ ಎಂಬ ಅರಸನು ತನ್ನ ಮಾತನ್ನು ಕೇಳಲು ಜನರನ್ನು ಕೂಡಿಸುವುದಕ್ಕೂ, ಗದ್ದೆಯ ಏರಿ ಕಟ್ಟುವಂಥ ಸಾರ್ವಜನಿಕ ಕೆಲಸಗಳಿಗೆ ಹುರುಪು ತುಂಬುವುದಕ್ಕೂ ಹಾಡುಗಾರರನ್ನು ಬಳಸಿಕೊಂಡನೆಂದು ಹೇಳುತ್ತಾರೆ. ಆ ಕೆಂಪು ಕೋಟು ಹತ್ತೊಂಬತ್ತನೆಯ ಶತಮಾನದ ಸೈನ್ಯದ ಉಡುಪಿನ ನೆರಳು. ತಂಡವೆಂದರೆ ಬಹುಮಟ್ಟಿಗೆ ಒಂದು ಕುಟುಂಬ ಮತ್ತು ಅದರ ನೆಂಟರಿಷ್ಟರು, ಎಲ್ಲರೂ ಗದ್ದೆ ಕೆಲಸದವರು, ಒಟ್ಟು ಇಪ್ಪತ್ತರ ಆಸುಪಾಸು ಮಂದಿ. ಕೊಯ್ಲು ಮುಗಿದು ಒಣ ಹವೆ ಬಂದಾಗ ಅವರ ತಿರುಗಾಟ ಶುರುವಾಗುತ್ತದೆ.

ಎರಡು ತಂಡ ಬಂದಿದ್ದವೆಂದು ಬರೆದಿದ್ದೀರಿ. ಇಡೀ ವಿಷಯದ ಜೀವ ಅಲ್ಲೇ ಇದೆ. ಅದು ಪೈಪೋಟಿ. ನಮ್ಮ ಕಡೆಯವರಿಗೆ ತಿಳಿಯುವಂತೆ ಹೇಳುವುದಾದರೆ ಗೀಗೀ ಪದದ ಹರದೇಶಿ ನಾಗೇಶಿ ಮೇಳಗಳ ವಾದದ ಹಾಗೆ. ಮೊದಲು ಒಬ್ಬ ಹಿರಿಯ ಬಂದು ಕಬಾರಿ ಎಂಬ ಭಾಷಣ ಮಾಡುತ್ತಾನೆ. ಅದರ ಆರಂಭದ ಒಂದು ದೊಡ್ಡ ಪಾಲು ಕ್ಷಮೆ ಕೇಳುವುದಕ್ಕೇ ಹೋಗುತ್ತದೆ: ಹಿರಿಯರಿರುವಾಗ ನಾನು ಬಾಯಿ ತೆರೆಯುತ್ತಿದ್ದೇನೆ, ನನಗಿಂತ ಬಲ್ಲವರು ಇಲ್ಲಿದ್ದಾರೆ, ತಪ್ಪು ನನ್ನ ಮೇಲಿರದಿರಲಿ ಎಂಬಂತೆ. ಅನಂತರ ಗಾದೆಗಳ ಮೇಲೆ ಗಾದೆ. ಬಳಿಕ ದೀರ್ಘವಾದ ಮುಖ್ಯ ಹಾಡು, ಕುಣಿತ, ಹುಡುಗರ ಲಾಗ, ಕೊನೆಯ ಹಾಡು. ಹಾಡಿನ ವಸ್ತು ತಂದೆ ತಾಯಿಯರ ಋಣವಿರಬಹುದು, ಕುಡಿತದಿಂದ ಕೆಟ್ಟ ಮನೆಯಿರಬಹುದು, ಅಧಿಕಾರಿಗಳನ್ನು ಹೆಸರೆತ್ತದೆ ತಿವಿಯುವುದಿರಬಹುದು. ಗೆದ್ದವರು ಯಾರೆಂದು ತೀರ್ಮಾನಿಸುವುದು ಸುತ್ತ ಕುಳಿತ ಜನರ ಚಪ್ಪಾಳೆ, ಕೂಗು ಮತ್ತು ಅವರು ಎಸೆಯುವ ನಾಣ್ಯ. ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಕಬಾರಿಯನ್ನು 2021ರಲ್ಲಿಯೂ ಹಿರಾ ಗಾಸಿಯನ್ನು 2023ರಲ್ಲಿಯೂ ಸೇರಿಸಿತು. ಆದರೆ ಆ ಬಯಲಿನಲ್ಲಿ ಕುಳಿತ ಅಜ್ಜಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಮಾತು ಸಪ್ಪೆಯಾದರೆ ಆಕೆ ಎದ್ದು ಹೋಗುತ್ತಾಳೆ.

ಕಲಾವಿದರಿಗೆ ಏನು ಕೊಡುತ್ತಾರೆಂದು ಕೇಳಿದ್ದೀರಿ. ಕರೆಸಿದವರು ಮೊದಲೇ ಗೊತ್ತುಮಾಡಿದ ಮೊತ್ತವನ್ನೂ, ತಂಡಕ್ಕೆ ಊಟ ವಸತಿಯನ್ನೂ ಕೊಡುತ್ತಾರೆ. ಕರೆಸುವವರು ಊರಿನ ಆಡಳಿತವಿರಬಹುದು, ಚುನಾವಣೆಯ ಕಾಲದಲ್ಲಿ ರಾಜಕಾರಣಿಯೂ ಇರಬಹುದು. ಜುಲೈ ತಿಂಗಳಾದ್ದರಿಂದ ಯಾವುದೋ ಕುಟುಂಬದ ಫಮಾದಿಹಾನ ಇದ್ದಿರುವ ಸಾಧ್ಯತೆಯೇ ಹೆಚ್ಚು. ಹಿರಿಯರ ಗೋರಿಯನ್ನು ತೆರೆದು, ಅವಶೇಷಗಳಿಗೆ ಹೊಸ ರೇಷ್ಮೆಯ ಬಟ್ಟೆ ಸುತ್ತಿ, ಅವರೊಡನೆ ಮಾತನಾಡಿ, ಮತ್ತೆ ಮಲಗಿಸುವ ಆಚರಣೆ ಅದು. ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಒಣ ತಿಂಗಳುಗಳಲ್ಲಿ ನಡೆಯುತ್ತದೆ. ಅದಕ್ಕಾಗಿ ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಊಟವೂ ಹಾಡುಗಾರರ ಸಂಭಾವನೆಯೂ ಸೇರಿರುತ್ತವೆ. ಒಳ್ಳೆಯ ಅತಿಥಿಗೃಹದವರು ಕುಟುಂಬದ ಒಪ್ಪಿಗೆಯಿದ್ದರೆ ಮಾತ್ರ ತಮ್ಮ ಅತಿಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ, ಬರಿಗೈಯಲ್ಲಿ ಹೋಗಬೇಡಿ ಎನ್ನುತ್ತಾರೆ, ಯಾವುದರ ಚಿತ್ರ ತೆಗೆಯಬಾರದೆಂದು ಮೊದಲೇ ಹೇಳುತ್ತಾರೆ.

ಅಲ್ಲಿ ಫಾಡಿ ಎಂಬುದೊಂದಿದೆ, ಎಂದರೆ ನಿಷೇಧ. ಗೋರಿಯತ್ತ ಬೆರಳು ಚಾಚಬಾರದು ಎಂಬುದು ಬಹಳ ಕಡೆ ಇದೆ. ಉಳಿದವು ಊರಿಂದೂರಿಗೆ, ಮನೆತನದಿಂದ ಮನೆತನಕ್ಕೆ ಬೇರೆ. ಆದ್ದರಿಂದ ಹೊಸ ಊರಿಗೆ ಹೋದವರು ಮೊದಲು ಕೇಳಬೇಕು. ನಮ್ಮಲ್ಲಿ ‘ಸ್ವಲ್ಪ ಜಾಗ ಬಿಡಿ’ ಎನ್ನುವ ಕಡೆ ಅವರು ಹೇಳುವ ‘ಅಜಾಫಾಡಿ’ ಎಂಬ ಮಾತಿನ ಮೂಲಾರ್ಥವೇ ‘ಇದು ನನಗೆ ನಿಷೇಧವಾಗದಿರಲಿ’ ಎಂಬುದು.

ನಿಮ್ಮ ನಕ್ಷೆಯಲ್ಲಿ ನನಗೆ ಅನುಮಾನವಿರುವುದು ‘ಪ್ರತಿ ಶನಿವಾರ’ ಎಂಬ ಎರಡು ಪದಗಳ ಬಗ್ಗೆ. ಅಂದು ನಿಮ್ಮನ್ನು ಮೂರು ಗಂಟೆಯವರೆಗೆ ಕೂರಿಸಿದ್ದು ಆಟವಲ್ಲ, ಸುತ್ತ ಕುಳಿತಿದ್ದ ಜನ. ಆ ಜನರನ್ನು ಬಿಟ್ಟು ಆಟವನ್ನು ಮಾತ್ರ ಅಂಗಳಕ್ಕೆ ತಂದರೆ ನಿಮ್ಮ ಬೆಂಗಳೂರಿನ ಅತಿಥಿಗಳು ಇಪ್ಪತ್ತು ನಿಮಿಷ ಕುಳಿತಾರು.

ಉತ್ತರ 2: ಒಡಪು, ಚಿತ್ರದುರ್ಗ

ಮಾನ್ಯರೇ, ನಾನು ವೀರಗಾಸೆ ತಂಡದವನು. ನಮ್ಮ ತಂದೆಯವರೂ ಕುಣಿದವರು. ಆದ್ದರಿಂದ ಕಲಾವಿದರಿಗೆ ಏನು ಕೊಡಬೇಕೆಂಬ ನಿಮ್ಮ ಪ್ರಶ್ನೆಗೆ ಉತ್ತರಿಸುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ರೆಸಾರ್ಟಿನವರು ನಮ್ಮನ್ನು ಕರೆಸಿದ್ದರು. ಈಜುಕೊಳದ ಪಕ್ಕದಲ್ಲಿ ಊಟದ ಮೇಜುಗಳು, ಅವುಗಳ ನಡುವೆ ನಮ್ಮ ಕುಣಿತ. ಹದಿನೈದು ನಿಮಿಷದಲ್ಲಿ ಮುಗಿಸಬೇಕು, ಮಾತು ಬೇಡ, ಕುಣಿತ ಸಾಕು ಎಂದರು. ಕುಣಿತದ ನಡುವೆ ಏರುದನಿಯಲ್ಲಿ ಕಥೆ ಹೇಳುವ ಮಾತೇ ಒಡಪು; ಅದನ್ನು ಹೇಳದ ವೀರಗಾಸೆ ಎಂಥದ್ದು? ದಕ್ಷಯಜ್ಞದ ಕಥೆಯನ್ನು ಹೇಳದೆ ಕತ್ತಿ ಬೀಸಿದರೆ ಅದು ವ್ಯಾಯಾಮ. ಒಬ್ಬರು ಬಂದು ನನ್ನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡರು. ವೀರಭದ್ರನ ವೇಷ ತೊಟ್ಟವನ ಹೆಗಲ ಮೇಲೆ ನಮ್ಮೂರಿನಲ್ಲಿ ಯಾರೂ ಕೈಹಾಕುವುದಿಲ್ಲ. ಊಟವನ್ನು ಅತಿಥಿಗಳದು ಮುಗಿದ ಮೇಲೆ ಅಡಿಗೆಮನೆಯ ಹಿಂದೆ ಕೊಟ್ಟರು. ಹಣವನ್ನು ಮಾತ್ರ ಹೇಳಿದಷ್ಟೇ ಕೊಟ್ಟರು, ಸುಳ್ಳು ಹೇಳಬಾರದು. ಆದರೂ ಮುಂದಿನ ಸಲ ಕರೆದಾಗ ನಾವು ಹೋಗಲಿಲ್ಲ.

ಆದ್ದರಿಂದ ಸಂಭಾವನೆಯ ಲೆಕ್ಕವನ್ನು ಮಾಡುವಾಗ ಹೋಗಿಬರುವ ವಾಹನವನ್ನೂ, ವೇಷ ಕಟ್ಟಿಕೊಳ್ಳಲು ಬಾಗಿಲು ಇರುವ ಒಂದು ಕೋಣೆಯನ್ನೂ, ಕುಡಿಯುವ ನೀರನ್ನೂ, ಅತಿಥಿಗಳ ಜೊತೆಯ ಪಂಕ್ತಿಯಲ್ಲಿ ಊಟವನ್ನೂ ಸೇರಿಸಿ. ಸಂಬಾಳ, ಕರಡೆಯವರಿಗೂ ಕುಣಿಯುವವರಷ್ಟೇ ಕೊಡಿ. ಬಹಳ ಕಡೆ ವಾದ್ಯದವರಿಗೆ ಕಡಿಮೆ ಕೊಡುತ್ತಾರೆ. ಹಣವನ್ನು ಅಂದೇ ಕೈಗೆ ಕೊಡಿ.

ಬಯಲಾಟದ ‘ತುಣುಕು’ ಎಂದು ಬರೆದಿದ್ದೀರಿ. ಬಯಲಾಟದ ಒಂದು ಬಗೆಯಾದ ಮೂಡಲಪಾಯದ ಭಾಗವತರು ಯಾರಾದರೂ ಇದನ್ನು ಓದಿದರೆ ಕೋಪಿಸಿಕೊಳ್ಳುತ್ತಾರೆ. ರಾತ್ರಿಯಿಡೀ ಆಡುವ ಆಟ ಅದು. ಸಾರಥಿಯು ಬಂದು ವೇಷಗಳನ್ನು ‘ನೀವು ಧಾರು’ ಎಂದು ಮಾತನಾಡಿಸಿ ಪರಿಚಯಿಸುವುದಕ್ಕೇ ನಿಮ್ಮ ಶನಿವಾರದ ಸಂಜೆ ಕಳೆದುಹೋಗುತ್ತದೆ.

ಮಡಗಾಸ್ಕರಿನವರೆಗೆ ಹೋಗದೆಯೂ ಒಂದು ಉದಾಹರಣೆ ನಿಮ್ಮ ಪಕ್ಕದಲ್ಲೇ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠದಲ್ಲಿ ವರ್ಷಕ್ಕೊಮ್ಮೆ ನಾಟಕೋತ್ಸವ ನಡೆಯುತ್ತದೆ. ಅಲ್ಲಿಯ ಶಿವಸಂಚಾರ ತಂಡ 1997ರಿಂದ ನಾಡಿನ ಊರೂರಿಗೆ ನಾಟಕಗಳನ್ನು ಕೊಂಡೊಯ್ಯುತ್ತಿದೆ. ಗ್ರೀಕರ ಬಯಲು ರಂಗಮಂದಿರದ ಮಾದರಿಯ ಆ ಮೆಟ್ಟಿಲುಗಳ ಮೇಲೆ ಟ್ರ್ಯಾಕ್ಟರಿನಲ್ಲಿ ಬಂದ ರೈತರೂ ಬೆಂಗಳೂರಿನಿಂದ ಬಂದ ರಂಗಾಸಕ್ತರೂ ಅಕ್ಕಪಕ್ಕ ಕೂರುತ್ತಾರೆ. ಬೆಂಗಳೂರಿನವರು ಬರದಿದ್ದರೂ ಉತ್ಸವ ನಡೆಯುತ್ತದೆ. ಒಮ್ಮೆ ಹೋಗಿ ಕುಳಿತು ನೋಡಿ.

ಉತ್ತರ 3: ಶಾಂತಿಸಾಗರದ ದಂಡೆ, ಚನ್ನಗಿರಿ ತಾಲ್ಲೂಕು

ಸರ್, ಸೂಳೆಕೆರೆಯ ಹತ್ತಿರ ನಾನು ಮೂರು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇನೆ. ಮೇಲಿನ ಇಬ್ಬರು ಅಣ್ಣಂದಿರ ಮಾತಿಗೆ ನನ್ನ ಒಪ್ಪಿಗೆ ಇದೆಯಾದರೂ ಪೂರ್ತಿಯಾಗಿ ಇಲ್ಲ; ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಕಾಗದಪತ್ರದ ವಿಷಯ.

ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಎಂದು ನೋಂದಾಯಿಸಬೇಕಾದರೆ ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು; ಬೀಗ ತೆಗೆದುಕೊಟ್ಟು ಚಿತ್ರದುರ್ಗದಲ್ಲಿ ಕುಳಿತಿರುತ್ತೇನೆಂದರೆ ಆಗದು. ತೋಟದ ಜಮೀನಿನಲ್ಲಿ ಹೊಸದಾಗಿ ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಡುವುದಾದರೆ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ, ಆದ್ದರಿಂದ ಇರುವ ತೊಟ್ಟಿ ಮನೆಯನ್ನೇ ದುರಸ್ತಿ ಮಾಡುವುದು ಲೇಸು. ಅಡಿಗೆ ಮಾಡಿ ಬಡಿಸುವುದಕ್ಕೆ ಆಹಾರ ಸುರಕ್ಷತಾ ನೋಂದಣಿ ಬೇಕು. ವಿದೇಶಿಯರು ಬಂದರೆ, ನಿಮ್ಮ ಮಗನ ಸ್ನೇಹಿತರೇ ಆಗಿರಲಿ, 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ (ಮೊದಲು ಫಾರ್ಮ್ ಸಿ ಎನ್ನುತ್ತಿದ್ದ ನಮೂನೆಯಲ್ಲಿ) ಸಲ್ಲಿಸಬೇಕು. ಇದನ್ನು ಮರೆತವರು ಬಹಳ ಮಂದಿ.

ಧ್ವನಿವರ್ಧಕದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಅದಕ್ಕೆ ಲಿಖಿತ ಅನುಮತಿ ಬೇಕು, ಮತ್ತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ. ಹಬ್ಬ ಉತ್ಸವಗಳಿಗೆಂದು ಸರ್ಕಾರವು ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಅದು ನಿಮ್ಮ ಶನಿವಾರಗಳಿಗೆ ಸಿಗುವುದಿಲ್ಲ. ಹಿರಾ ಗಾಸಿ ಹಗಲಿನಲ್ಲಿ ನಡೆಯುತ್ತದೆಂಬುದನ್ನು ಓದಿ ನನಗೆ ಹೊಟ್ಟೆಕಿಚ್ಚಾಯಿತು. ಊರ ಜನರನ್ನೂ ಕರೆಯುವುದಾದರೆ ಹೆಂಗಸರಿಗೆ ಶೌಚಾಲಯ ಎಲ್ಲಿ ಎಂಬುದನ್ನು ಆಟಕ್ಕಿಂತ ಮೊದಲು ಯೋಚಿಸಿ. ನೀರಿನ ಟ್ಯಾಂಕರು ಹೇಳಿಡಿ.

ಆದಾಯ ಬರುವುದು ಕೋಣೆಯಿಂದ ಮತ್ತು ಊಟದಿಂದ. ಕಾರ್ಯಕ್ರಮದಿಂದ ಬರುವುದು ಹೆಸರು ಮಾತ್ರ. ಎರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದರೆ ಮೊದಲ ನಷ್ಟದ ತಿಂಗಳಲ್ಲಿ ಕಲಾವಿದರ ಸಂಭಾವನೆಗೆ ಕತ್ತರಿ ಬೀಳುತ್ತದೆ, ನಾನೇ ಹಾಗೆ ಮಾಡಿ ಆಮೇಲೆ ನಾಚಿಕೊಂಡಿದ್ದೇನೆ.

ಇನ್ನು ನನ್ನ ಭಿನ್ನಾಭಿಪ್ರಾಯ. ಇಡೀ ಹಗಲು, ಇಡೀ ರಾತ್ರಿ ಇದ್ದರೆ ಮಾತ್ರ ಕಲೆ, ಹದಿನೈದು ನಿಮಿಷವೆಂದರೆ ಅವಮಾನ ಎಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಅಡಿಕೆ ಸುಲಿಯುವ ಕಾಲದಲ್ಲಿ ಸುತ್ತಲ ಹೆಂಗಸರು ಬಂದು ಕೂರುತ್ತಾರೆ. ಸುಲಿಯುವ ಯಂತ್ರ ಬಂದಮೇಲೆ ಅವರ ಸಂಖ್ಯೆ ಕಡಿಮೆಯಾಗಿದೆ, ಆದರೂ ಆರೇಳು ಜನ ಬರುತ್ತಾರೆ. ಅವರಲ್ಲಿ ಒಬ್ಬರು ಪದ ಎತ್ತಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ನಮ್ಮ ಅತಿಥಿಯೊಬ್ಬರ ಮಗಳು, ಹತ್ತು ವರ್ಷದ ಹುಡುಗಿ, ಅವರ ನಡುವೆ ಕುಳಿತು ಅರ್ಧ ಗಂಟೆಯಲ್ಲಿ ಒಂದು ಸೋಬಾನೆ ಪದದ ಸೊಲ್ಲನ್ನು ಕಲಿತು ಹೋದಳು. ಅದನ್ನೇ ‘ಜಾನಪದ ಸಂಜೆ’ ಎಂದು ಫಲಕದಲ್ಲಿ ಬರೆಯೋಣವೇ ಎಂದು ಕೇಳಿದ್ದಕ್ಕೆ ಆ ಹೆಂಗಸರು, ಹಾಗೆ ಬರೆದರೆ ನಾಳೆಯಿಂದ ಬಾಯಿ ಮುಚ್ಚಿಕೊಂಡು ಸುಲಿಯುತ್ತೇವೆ ಎಂದರು. ಬರೆಯಲಿಲ್ಲ. ಉದ್ದ ಎಷ್ಟಾದರೂ ಇರಲಿ, ಅದನ್ನು ಹಾಡುವವರು ತೀರ್ಮಾನಿಸಿದರೆ ಸಾಕು.

ಮರು ಬರಹ: ಹೊಳಲ್ಕೆರೆ ತೋಟದವರು

ಮೂವರಿಗೂ ಕೃತಜ್ಞತೆಗಳು. ಅಂದು ರಾತ್ರಿಯೇ ಮಗನಿಗೆ ಫೋನು ಮಾಡಿ ವಿಚಾರಿಸಿದೆ. ಮಿಲ್ಲಿನ ಮಗ ಅವರ ಊಹೆ ಸರಿ: ಹಾಡುಗಾರರನ್ನು ಕರೆಸಿದ್ದು ಆ ಹಳ್ಳಿಯ ಒಂದು ಕುಟುಂಬ. ಅತಿಥಿಗೃಹದವರು ಕೊಟ್ಟದ್ದು ಒಂದು ತಂಡಕ್ಕೆ ಎರಡು ರಾತ್ರಿಯ ವಸತಿ ಮತ್ತು ಬಯಲಿನ ಜಾಗ. ಬೆಳಿಗ್ಗೆ ಹಿತ್ತಿಲ ಕಡೆ ಯಾರೋ ಪಿಟೀಲು ಶ್ರುತಿ ಮಾಡುತ್ತಿದ್ದುದನ್ನು ಕೇಳಿದ್ದೆ, ಕೆಲಸದವರಿರಬಹುದೆಂದು ಭಾವಿಸಿದ್ದೆ.

ನಾನು ಈಗ ಹೀಗೆ ಯೋಚಿಸುತ್ತಿದ್ದೇನೆ. ಪ್ರತಿ ಶನಿವಾರವೆಂಬುದನ್ನು ಬಿಡುತ್ತೇನೆ. ನಮ್ಮೂರಿನಲ್ಲಿ ದೇವರ ಪರಿಷೆಯ ಮರುದಿನ ಮೊದಲು ಎರಡು ಭಜನಾ ತಂಡಗಳ ನಡುವೆ ಸವಾಲು ಜವಾಬು ನಡೆಯುತ್ತಿತ್ತು. ಬರುವವರಿಗೆ ಉಳಿಯಲು ಜಾಗವಿಲ್ಲವೆಂದು, ವಾಹನದ ಖರ್ಚು ಯಾರು ಕೊಡಬೇಕೆಂದು ಜಗಳವಾಗಿ ಹನ್ನೆರಡು ವರ್ಷದಿಂದ ನಿಂತಿದೆ. ಕಲಾವಿದರಿಗೆ ನಮ್ಮ ಮನೆಯ ಎರಡು ಕೋಣೆಗಳನ್ನೂ ಊಟವನ್ನೂ ಕೊಟ್ಟು, ಉಳಿದೆರಡು ಕೋಣೆಗಳನ್ನು ಅತಿಥಿಗಳಿಗೆ ಕೊಡುವುದು. ಯಾರನ್ನು ಕರೆಸಬೇಕೆಂಬುದನ್ನು ಊರಿನ ಹಿರಿಯರೇ ನಿರ್ಧರಿಸುವುದು. ಆ ಎರಡು ದಿನ ಬಿಟ್ಟರೆ ಉಳಿದಂತೆ ಇದು ಸಾಮಾನ್ಯ ಅತಿಥಿಗೃಹವಾಗಿರುತ್ತದೆ.

ಇನ್ನೊಂದು ಸಂದೇಹ ಉಳಿದಿದೆ. ಭಾಷೆ ಬಾರದ ಅತಿಥಿಗಳಿಗೆ ಅಲ್ಲಿ ಯಾರೂ ಅನುವಾದ ಮಾಡುತ್ತಿರಲಿಲ್ಲ. ನಾನು ಒಬ್ಬರನ್ನು ನೇಮಿಸಬೇಕೇ?

ಉತ್ತರ 4: ಮಿಲ್ಲಿನ ಮಗ, ದಾವಣಗೆರೆ

ಆಟದ ನಡುವೆ ಬೇಡ ಸರ್, ಪಿಸುಗುಟ್ಟುವವನೊಬ್ಬ ಇದ್ದರೆ ಸುತ್ತಲಿನವರಿಗೆ ಕಿರಿಕಿರಿ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಕಥೆಯನ್ನು ನೀವೇ ಹೇಳಿಬಿಡಿ. ನಾನಿದ್ದಾಗ ಒಬ್ಬ ಮನೆಯೊಡೆಯ ಹಾಗೆಯೇ ಮಾಡುತ್ತಿದ್ದ. ಅನ್ನ ಬೆಂದ ಪಾತ್ರೆಯ ತಳದ ಸೀಕಲಿಗೆ ನೀರು ಹಾಕಿ ಕುದಿಸಿದ ರಾನುವುಲಾ ಎಂಬ ಪಾನೀಯವನ್ನು ಲೋಟಕ್ಕೆ ಸುರಿಯುತ್ತಾ, ನಾಳೆ ಹಾಡುವ ಮುದುಕನಿಗೂ ಎದುರು ತಂಡದ ಮುದುಕನಿಗೂ ಯಾವ ಹಳೆಯ ವೈಮನಸ್ಯವಿದೆ ಎಂಬುದನ್ನೂ ಹೇಳುತ್ತಿದ್ದ. ಮರುದಿನ ಭಾಷೆ ಬಾರದಿದ್ದರೂ ನಮಗೆ ಯಾರ ಕಡೆ ಕೂಗಬೇಕೆಂದು ಗೊತ್ತಿರುತ್ತಿತ್ತು.

ಉತ್ತರ 5: ಒಡಪು, ಚಿತ್ರದುರ್ಗ

ಸವಾಲು ಜವಾಬಿನ ಯೋಚನೆ ಚೆನ್ನಾಗಿದೆ. ಶಾಂತಿಸಾಗರದ ದಂಡೆಯ ತಂಗಿಯವರು ಹೇಳಿದ್ದನ್ನೂ ಒಪ್ಪುತ್ತೇನೆ. ನನ್ನ ಸಿಟ್ಟು ಹದಿನೈದು ನಿಮಿಷದ ಮೇಲಲ್ಲ, ಅದನ್ನು ಕೈಗಡಿಯಾರ ನೋಡಿ ಹೇಳಿದವರ ಮೇಲೆ.

ಜಾಗದ ಬಗ್ಗೆ ಒಂದು ಮಾತು. ತೊಟ್ಟಿಯೊಳಗೆ ಮಾಡಬೇಡಿ. ಒಳಗೆ ಮಾಡಿದರೆ ಊರಿನ ಅರ್ಧ ಜನ ಹೊಸ್ತಿಲ ಹೊರಗೇ ನಿಲ್ಲುತ್ತಾರೆ, ಏಕೆಂದು ನಿಮಗೂ ಗೊತ್ತು. ತೋಟದ ಮನೆಗಳ ಹತ್ತಿರ ಹಳೆಯ ಕಣ ಇರುತ್ತದೆ. ರಾಗಿ ಬಡಿಯುವುದು ನಿಂತಮೇಲೆ ಅಲ್ಲಿ ಕಾರು ನಿಲ್ಲಿಸುತ್ತಿರುತ್ತೀರಿ. ಅದನ್ನು ಸಗಣಿಯಿಂದ ಬಳಿಸಿ. ಮೈಕಿಲ್ಲದೆ ಮುನ್ನೂರು ಜನಕ್ಕೆ ಧ್ವನಿ ಮುಟ್ಟುತ್ತದೆಯೇ ಎಂಬುದನ್ನು ಒಂದು ಸಂಜೆ ನಾನೇ ಬಂದು ಒಡಪು ಹೇಳಿ ನೋಡುತ್ತೇನೆ. ಕಣ ಎಷ್ಟು ಅಡಿ ಅಗಲವಿದೆ ಎಂದು ಬರೆಯಿರಿ.

ಮರು ಬರಹ: ಹೊಳಲ್ಕೆರೆ ತೋಟದವರು

ಇಂದು ಬೆಳಿಗ್ಗೆ ಹಗ್ಗ ಹಿಡಿದು ಅಳೆದೆ. ಅಡ್ಡಕ್ಕೆ ನಲವತ್ತೆರಡು ಅಡಿ. ನಡುವೆ ಮೇಟಿ ಕಂಬ ನೆಡುತ್ತಿದ್ದ ಗುಣಿ ಇನ್ನೂ ಇದೆ, ಕಾರಿನ ಚಕ್ರದ ಕೆಳಗೆ ಮುಚ್ಚಿಹೋಗಿತ್ತು. ತಾವು ಬರುವ ದಿನವನ್ನು ತಿಳಿಸಿದರೆ ಚಿಕ್ಕಜಾಜೂರಿಗೆ ವಾಹನ ಕಳುಹಿಸುತ್ತೇನೆ.